ಇನ್ನೊಂದು ವಾರ ಕಾಯಿರಿ

ಕುತ್ತಿಗೆಯಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಅವಳು ಕಂಪ್ಯೂಟರ್ ಅಂಗಡಿಗೆ ಬಂದಳು. ಅಂಗಡಿಯವನು ಅವಳಿಗೆ ಮನಸ್ಸಿನಲ್ಲೇ ಟೈಲರಮ್ಮ ಎಂದು ಹೆಸರಿಟ್ಟದ್ದು ಆಗಲೇ.

“ಗೇಮ್ ಆಡೋಕೆ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು, ನಮ್ಮಣ್ಣನಿಗೆ. ತೀರಾ ದುಬಾರಿದು ಬೇಡ, ತೀರಾ ಕಳಪೆದೂ ಬೇಡ.”

“ಎಲ್ಲರೂ ಅದನ್ನೇ ಕೇಳೋದು,” ಎಂದು ಅವನು ನಕ್ಕ. “ಯಾವ ಗೇಮು?”

“ಅದೇನೋ ಕುದುರೆ ಹತ್ತಿ ಬಯಲೆಲ್ಲ ಸುತ್ತೋದಂತೆ. ನಮ್ಮನೆ ಹಳೇ ಕಂಪ್ಯೂಟರಲ್ಲಿ ಆ ಕುದುರೆ ಕುಂಟುತ್ತೆ. ಹತ್ತು ಹೆಜ್ಜೆಗೊಂದ್ಸಲ ನಿಂತೇ ಬಿಡುತ್ತೆ, ಪಾಪ. ಸ್ವಲ್ಪ ಬೇಗ ಸಿಕ್ಕಿದ್ರೆ ಒಳ್ಳೇದು.”

ಯಾಕೆ ಬೇಗ ಎಂದು ಅವನು ಕೇಳಬೇಕಿತ್ತು. ಕೇಳಲಿಲ್ಲ. ಅವಳ ಎಡಗೆನ್ನೆಯ ಗುಳಿ ನೋಡುತ್ತ ನಿಂತುಬಿಟ್ಟ, ಪುಣ್ಯಾತ್ಮ! ಕಂಪ್ಯೂಟರ್ ಡಬ್ಬದೊಳಗೆ ಎಷ್ಟು ಜಾಗವಿದೆ, ಅಳೆದುಕೊಂಡು ಬನ್ನಿ ಎಂದು ಕಳಿಸಿದ.

ಮುಂದಿನ ಶನಿವಾರ ಅವಳು ಚೀಟಿ ಹಿಡಿದು ಬಂದಳು. “ಉದ್ದ ಹನ್ನೊಂದೂ ಕಾಲು ಇಂಚು. ತೋಳಿಲ್ಲ, ಕಾಲರಿಲ್ಲ.”

ಅವನು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ಅವಳೂ ನಕ್ಕಳು. ಪವರ್ ಸಪ್ಲೈ ಎಷ್ಟು ವ್ಯಾಟ್ ಎಂದು ನೋಡಿ ಬರಲು ಇನ್ನೊಂದು ಶನಿವಾರ ಹೋಯಿತು. ನಾಲ್ಕು ಜಿಬಿ ಮೆಮೊರಿಯ ಕಾರ್ಡು ಅಗ್ಗ, ಆದರೆ ವರ್ಷದೊಳಗೆ ಏದುಸಿರು ಬಿಡುತ್ತೆ. ಹನ್ನೆರಡು ಜಿಬಿಯದು ನಿಮ್ಮ ಹಳೇ ಮಾನಿಟರಿಗೆ ದಂಡ. ಎರಡು ಫ್ಯಾನಿನ ಈ ಎಂಟು ಜಿಬಿಯದೇ ಸರಿ ಎಂದು ಅವನು ಒಂದನ್ನು ಎತ್ತಿಟ್ಟ. ಅಲ್ಲಿಯವರೆಗೆ ಎಲ್ಲವೂ ಪ್ರಾಮಾಣಿಕವೇ.

“ಆದ್ರೆ ಹೊಸ ಮಾಡೆಲ್ ಬರ್ತಿದೆ. ಬಂದ್ರೆ ಇದರ ಬೆಲೆ ಇಳಿಯುತ್ತೆ. ಇನ್ನೊಂದು ವಾರ ಕಾಯಿರಿ.”

ಹೊಸ ಮಾಡೆಲ್ ಬಂತು, ಬೆಲೆಯೂ ಇಳಿಯಿತು. ಆದರೂ ಅವನು ಮುಂದಿನ ಶನಿವಾರ ಅದನ್ನೇ ಹೇಳಿದ. ಅದರ ಮುಂದಿನ ಶನಿವಾರವೂ ಹೇಳಿದ. ಕೌಂಟರ್ ಮೇಲೆ ಮೊಣಕೈಯೂರಿ ಅವಳು “ಹೌದಾ?” ಎಂದು ರಾಗ ಎಳೆದು ಕೇಳುವುದನ್ನು ನೋಡಲು ಅವನು ವಾರವಿಡೀ ಬದುಕುತ್ತಿದ್ದ. ಕಾರ್ಡು ಕೈಗೆ ಸಿಕ್ಕರೆ ಅವಳು ಮತ್ತೆ ಬರುವುದಿಲ್ಲವಲ್ಲ!

ಆಮೇಲೆ ಮೂರು ಶನಿವಾರ ಅವಳು ಬರಲಿಲ್ಲ. ನಾಲ್ಕನೆಯದಕ್ಕೆ ಬಂದಳು. ಕುತ್ತಿಗೆಯಲ್ಲಿ ಟೇಪಿರಲಿಲ್ಲ, ಮುಖ ಬಾಡಿತ್ತು.

“ಬೆಲೆ ಇಳಿದಿದೆ,” ಎಂದ ಅವನು ಗಡಿಬಿಡಿಯಲ್ಲಿ.

“ಇಳಿದು ತಿಂಗಳಾಯ್ತು. ಪಕ್ಕದ ಅಂಗಡಿ ಬೋರ್ಡಲ್ಲಿ ನೋಡಿದ್ದೆ.”

ಅವನ ಮುಖ ಕೆಂಪಾಯಿತು. “ತಪ್ಪಾಯ್ತು. ನೀವು ಬರೋದು ನಿಂತುಹೋಗುತ್ತೆ ಅಂತ... ನೀವಂದ್ರೆ ನಂಗೆ ಇಷ್ಟ ರೀ.”

“ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ನಂಗೂ ಈ ಶನಿವಾರಗಳು ಬೇಕಿತ್ತು.”

ಅವನ ಎದೆ ಕುಣಿಯಿತು. ಒಂದೇ ಒಂದು ಗಳಿಗೆ.

“ನಮ್ಮಣ್ಣನಿಗೆ ಕಣ್ಣು ಹೋಯ್ತು,” ಎಂದಳು ಅವಳು. “ಹೋಗುತ್ತೆ ಅಂತ ಡಾಕ್ಟರ್ ಮೊದಲೇ ಹೇಳಿದ್ರು. ಆರು ತಿಂಗಳು ಟೈಮ್ ಇದೆ ಅಂದಿದ್ರು, ಎರಡೇ ತಿಂಗಳಿಗೆ ಕತ್ತಲಾಯ್ತು. ಅಷ್ಟರೊಳಗೆ ಆ ಬಯಲು ಒಂದ್ಸಲ ಪೂರ್ತಿ ನೋಡ್ಬಿಡ್ತೀನಿ ಅಂತಿದ್ದ.”

“ಅಯ್ಯೋ! ಒಂದು ಮಾತು ಹೇಳಿದ್ರೆ ಅವತ್ತೇ ಕೊಡ್ತಿದ್ದೆನಲ್ರೀ!”

“ಹೇಳಿದ್ರೆ ಅವತ್ತೇ ಮುಗೀತಿತ್ತಲ್ಲ.”

ಅವಳು ದುಡ್ಡು ಎಣಿಸಿ ಕೌಂಟರ್ ಮೇಲಿಟ್ಟಳು.

“ಕಾರ್ಡು ಕೊಡಿ. ನಾನು ಆಡ್ತೀನಿ, ಅವನು ಪಕ್ಕದಲ್ಲಿ ಕೂತು ಕೇಳ್ತಾನಂತೆ. ಕುದುರೆ ಎಲ್ಲಿ ಹೋಗ್ತಿದೆ, ಹುಲ್ಲು ಯಾವ ಬಣ್ಣ, ಎಲ್ಲ ಹೇಳ್ಬೇಕಂತೆ.”

“ನಾನೇ ಮನೆಗೆ ಬಂದು ಕೂರಿಸಿಕೊಡ್ತೀನಿ.”

“ಬೇಡ. ನಂಗೇ ಹೇಳ್ಕೊಡಿ.”

ಅವನು ಒಂದು ಹಳೆಯ ಕಂಪ್ಯೂಟರ್ ಬಿಚ್ಚಿಟ್ಟ. ಕಾರ್ಡಿನ ಅಂಚು ಹಿಡಿದ ಅವಳ ಬೆರಳುಗಳಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು. ಅವುಗಳ ಮೇಲೆ ಅವನು ತನ್ನ ಬೆರಳಿಟ್ಟ. “ಹೆದರ್ಬೇಡಿ, ಒತ್ತಿ. ಟಿಕ್ ಅನ್ನೋವರೆಗೂ ಒತ್ತಿ.”

ಟಿಕ್ ಎಂದಿತು. ಆದರೂ ಇಬ್ಬರೂ ಕೈ ತೆಗೆಯಲಿಲ್ಲ. ಅವಳ ಕಣ್ಣಿಂದ ಒಂದು ಹನಿ ಅವನ ಮಣಿಕಟ್ಟಿನ ಮೇಲೆ ಬಿತ್ತು.

“ನಿಮ್ಮ ಮೇಲೆ ಕೋಪ ಇಲ್ಲ,” ಎಂದಳು ಮೆಲ್ಲಗೆ. “ನಿಮ್ಮ ಮುಖ ನೋಡಿದ್ರೆ ಈಗಲೂ ಖುಷಿಯಾಗುತ್ತೆ. ಆ ಖುಷಿಯ ಹಿಂದೇನೇ ಅಣ್ಣ ನೆನಪಾಗ್ತಾನೆ. ಅದಕ್ಕೇ ಇನ್ಮೇಲೆ ಬರಲ್ಲ.”

ಕಾರ್ಡನ್ನು ಮತ್ತೆ ಹೊರತೆಗೆದು ಎದೆಗವಚಿಕೊಂಡು ಅವಳು ಹೊರಟಳು. ತಿರುವಿನವರೆಗೂ ಅವನು ನೋಡುತ್ತಿದ್ದ.

ಮುಂದಿನ ಶನಿವಾರ ನಡುವಯಸ್ಸಿನ ಒಬ್ಬರು ಬಂದು ಅದೇ ಎಂಟು ಜಿಬಿಯ ಇನ್ನೊಂದು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. “ಮಗಳಿಗೆ ಬೇಕಿತ್ತು. ಇನ್ನೊಂದು ವಾರ ಕಾಯಲಾ? ಬೆಲೆ ಇನ್ನೂ ಇಳಿಯುತ್ತಾ?”

“ಇಳಿಯುತ್ತೆ,” ಎಂದ ಅವನು. “ಆದ್ರೂ ಕಾಯ್ಬೇಡಿ ಸಾರ್. ಇವತ್ತೇ ತಗೊಂಡ್ಹೋಗಿ. ಇಳಿದ ಬೆಲೆಗೇ ಕೊಡ್ತೀನಿ.”

“ಮಾರೋಕೆ ಎಷ್ಟು ಆತುರಾನಪ್ಪಾ ನಿಂಗೆ!” ಎಂದು ಅವರು ನಕ್ಕರು.

ಅವನು ತಲೆ ತಗ್ಗಿಸಿ ಬಿಲ್ಲು ಬರೆಯತೊಡಗಿದ.