ಚಾಡಿ ಹೇಳಿದ ಕಲಿಪ್ಸೊ

ಆ ಬೆಳಿಗ್ಗೆ ಮಾಳವಿಕಾಳ ಕೆಲಸ ನಲವತ್ತು ನಿಮಿಷ ಹಿಂದೆ ಬಿದ್ದಿತ್ತು. ಲಂಡನ್ನಿನ ಆ ಆಸ್ಪತ್ರೆಯ ಕಿವಿ ಪರೀಕ್ಷೆಯ ವಿಭಾಗದಲ್ಲಿ ಇಬ್ಬರು ರಜೆ ಹಾಕಿದ್ದರು, ಹೊರಗಿನ ಕುರ್ಚಿಗಳೆಲ್ಲ ಭರ್ತಿ. ಬಾಗಿಲಲ್ಲಿ ನಿಂತು "ಮಿಸ್ಟರ್ ಜೋಸೆಫ್" ಎಂದು ಕರೆದಾಗ ಎದ್ದು ಬಂದವನು ನಮ್ಮ ಕಡೆಯ ಮುಖದ, ಮೂವತ್ತರ ಆಸುಪಾಸಿನ ಗಂಡಸು. ಕೇರಳದವನಿರಬೇಕು ಅಂದುಕೊಂಡಳು. ಅವನು ಬಾಯಿ ತೆರೆಯುವ ಮೊದಲೇ ಗಾಜಿನ ಕಿಟಕಿಯ ಪುಟ್ಟ ಕೋಣೆಯೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟಳು. "ಸದ್ದು ಕೇಳಿದ ಕೂಡಲೇ ಒತ್ತಿ. ಎಷ್ಟು ಸಣ್ಣದಾದರೂ ಸರಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಬಾಗಿಲು ಮುಚ್ಚಿದಳು.

ಸಾಮಾನ್ಯವಾಗಿ ಜನ ಆ ಕೋಣೆಯಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಾರೆ, ಇಲ್ಲವೇ ನೆಲ ನೋಡುತ್ತಾರೆ. ಇವನು ಗಾಜಿನಾಚೆಯಿಂದ ನೇರವಾಗಿ ಅವಳನ್ನೇ ನೋಡುತ್ತಿದ್ದ, ಸದ್ದು ಅವಳ ಮುಖದಿಂದಲೇ ಹೊರಡುತ್ತಿದೆಯೇನೋ ಎಂಬಂತೆ. ತುಟಿಯ ಮೂಲೆಯಲ್ಲಿ ತಡೆದಿಟ್ಟ ನಗು. ಮಾಳವಿಕಾ ಸದ್ದನ್ನು ಇಳಿಸಿದಳು, ಮತ್ತೂ ಇಳಿಸಿದಳು. ಯಂತ್ರದ ಕೊನೆಯ ಮಟ್ಟದಲ್ಲೂ ಅವನು ಬಟನ್ ಒತ್ತಿದ.

"ಮಿಸ್ಟರ್ ಜೋಸೆಫ್, ಇಷ್ಟು ಒಳ್ಳೆಯ ಕಿವಿ ಇಟ್ಟುಕೊಂಡು ಇಲ್ಲಿಗೆ ಯಾಕೆ ಬಂದಿರಿ?"

"ಜೋಸೆಫ್ ಟಾಯ್ಲೆಟ್‌ಗೆ ಹೋಗ್ಯಾರ‍್ರಿ" ಎಂದ ಅವನು, ಅವಳ ಎದೆಯ ಮೇಲಿನ ಹೆಸರಿನ ಬಿಲ್ಲೆ ಓದುತ್ತ, ಅಚ್ಚ ಧಾರವಾಡದ ಕನ್ನಡದಲ್ಲಿ. "ನಾ ಅವರ ಜೋಡಿ ಬಂದಾಂವ. ಹೇಳಬೇಕಂದೆ. ನೀವ ಮಾತಾಡ್ಲಿಕ್ಕೆ ಬಿಡ್ಲಿಲ್ಲ."

ಫೈಲು ನೋಡಿದಳು. ಹುಟ್ಟಿದ ವರ್ಷ ಸಾವಿರದ ಒಂಬೈನೂರ ಇಪ್ಪತ್ತೆಂಟು, ಅಂದರೆ ಎಪ್ಪತ್ತು ವರ್ಷದ ಮುದುಕ. ಅವಳ ಕಿವಿಯ ತುದಿ ಬಿಸಿಯಾಯಿತು.

ಅಷ್ಟರಲ್ಲಿ ನಿಜವಾದ ಸೆಲ್ವಿನ್ ಜೋಸೆಫ್ ಬಂದರು. ಎತ್ತರದ ಕಪ್ಪು ಮನುಷ್ಯ, ಕಂದು ಬಣ್ಣದ ಸೂಟು, ತಲೆಯ ಮೇಲೆ ಸ್ವಲ್ಪ ವಾರೆಯಾಗಿ ಇಟ್ಟ ಹ್ಯಾಟು. ಜೇಬಿನಿಂದ ಹಿಯರಿಂಗ್ ಏಡ್ ತೆಗೆದು ಮೇಜಿನ ಮೇಲಿಟ್ಟರು. "ಡಾರ್ಲಿಂಗ್, ಇದನ್ನು ಹಾಕಿಕೊಂಡರೆ ಮಾತು ಕೇಳುತ್ತೆ. ಹಾಡು ಮಾತ್ರ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಕೇಳುತ್ತೆ. ನನ್ನ ಶ್ರುತಿ ನನಗೇ ಸಿಗೋದಿಲ್ಲ. ನಾನು ಹಾಡೋದಿಲ್ಲ ಅಂತ ಈ ಹುಡುಗನಿಗೆ ನೀನೇ ಹೇಳು."

ಈ ಹುಡುಗ ಎಂದರೆ ನಚಿಕೇತ. ಹುಟ್ಟಿ ಬೆಳೆದದ್ದು ಲಂಡನ್ನಿನ ಗ್ರೀನ್‌ಫರ್ಡ್‌ನಲ್ಲಿ, ಕನ್ನಡ ಕಲಿತದ್ದು ಧಾರವಾಡದ ಅಜ್ಜಿಯಿಂದ. ಹಾರ್ಲ್ಸ್‌ಡೆನ್‌ನ ಲೈಬ್ರರಿಯಲ್ಲಿ ಕೆಲಸ. ಅವನ ತಂದೆ ವೇಣುಗೋಪಾಲ ಅದೇ ಬೀದಿಯಲ್ಲಿ ಇಪ್ಪತ್ತೈದು ವರ್ಷ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್, ಆಗಿದ್ದವರು. ಶಾಲೆ ಬಿಟ್ಟ ಮೇಲೆ ಅಪ್ಪನ ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದ ನಚಿಕೇತನಿಗೆ ಪಕ್ಕದಲ್ಲಿ ಕೂತ ರೋಗಿಗಳೇ ಕಥೆ ಹೇಳುತ್ತಿದ್ದರು. ಅವರಲ್ಲಿ ಹಲವರು ಕೆರಿಬಿಯನ್ ದ್ವೀಪಗಳಿಂದ ಬಂದವರು, ಹಗಲು ಬಸ್ಸು, ರೈಲು, ಕಾರ್ಖಾನೆ, ಶನಿವಾರ ಸಂಗೀತ. ಈಗ ಅವನು ಅಕ್ಟೋಬರ್ ಕೊನೆಯ ಶನಿವಾರ ಲೈಬ್ರರಿಯ ಹಾಲ್‌ನಲ್ಲಿ ಅಂಥ ಮೂವರನ್ನೂ ಅವರ ಹಾದಿಯಲ್ಲೇ ಬಂದ ಒಬ್ಬ ಹುಡುಗಿಯನ್ನೂ ಸನ್ಮಾನಿಸಲು ಹೊರಟಿದ್ದ. ಜಾಝ್ ಪಿಯಾನೋದ ಎನಿಡ್, ರೆಗೆ ಬೇಸ್ ಗಿಟಾರಿನ ಬೆಂಟ್ಲಿ, ಹಿಪ್-ಹಾಪ್‌ನ ಹುಡುಗಿ ಡೆನೀಸ್, ಟ್ರಿನಿಡಾಡ್‌ನ ಚುಟುಕು ಹಾಡು ಕಲಿಪ್ಸೊದ ಸೆಲ್ವಿನ್. ಉಳಿದಿದ್ದದ್ದು ಮೂರು ವಾರ.

"ಈ ಯಂತ್ರ ಮಾಡಿರೋದೇ ಮಾತಿಗೆ" ಎಂದಳು ಮಾಳವಿಕಾ. "ಹಾಡಿಗಲ್ಲ."

"ಇವರಿಗೆ ಮಾತಷ್ಟ ಸಾಕು ಅಂತ ಯಾರು ಠರಾಯಿಸಿದ್ರು?" ನಚಿಕೇತ ಜಗಳಕ್ಕೆ ಕೇಳಿರಲಿಲ್ಲ. ಅದಕ್ಕೇ ಅದು ಅವಳಿಗೆ ಹೆಚ್ಚು ಚುಚ್ಚಿತು.

ಆ ರಾತ್ರಿ ಅವಳು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದುವಾಗಿನ ನೋಟ್ಸು ತೆಗೆದಳು. ಮರುದಿನ ಲೈಬ್ರರಿಗೆ ಫೋನ್ ಮಾಡಿ, "ಬುಧವಾರ ಲಂಚ್ ಟೈಮಲ್ಲಿ ಅವರನ್ನ ಕರ್ಕೊಂಡ್ ಬನ್ನಿ. ಅವರ ಹಳೇ ರೆಕಾರ್ಡೂ ತನ್ನಿ" ಎಂದಳು.

ಏಡ್‌ನ ಬೆನ್ನಿನಲ್ಲಿ ಸಾಸಿವೆ ಕಾಳಿನಷ್ಟು ಸ್ಕ್ರೂಗಳಿದ್ದವು. ಒಂದನ್ನು ತಿರುಗಿಸಿದರೆ ಕೆಳಗಿನ ಸ್ವರ ತುಂಬಿ ಬರುತ್ತಿತ್ತು, ಇನ್ನೊಂದನ್ನು ತಿರುಗಿಸಿದರೆ ಜೋರಿನ ಸದ್ದು ಒಡೆಯುವುದು ನಿಲ್ಲುತ್ತಿತ್ತು. ಕೂದಲೆಳೆಯಷ್ಟು ತಿರುಗಿಸುವುದು, ಹಾಡು ಹಾಕುವುದು, ಸೆಲ್ವಿನ್ ತಲೆ ಅಲ್ಲಾಡಿಸುವುದು, ಮತ್ತೆ ತಿರುಗಿಸುವುದು. ಮೊದಲ ಬುಧವಾರ ಏನೂ ಆಗಲಿಲ್ಲ. ಆದರೆ ಆ ಒಂದು ಗಂಟೆ ಅವಳು ತನ್ನ ಸ್ಯಾಂಡ್‌ವಿಚ್ ಬಿಚ್ಚಲೂ ಮರೆತಿದ್ದಳು.

ಹಾಡುಗಳ ನಡುವೆ ಸೆಲ್ವಿನ್ ತಮ್ಮ ಕಥೆ ಹೇಳುತ್ತಿದ್ದರು. ಟ್ರಿನಿಡಾಡ್‌ನಿಂದ ಹಡಗಿನಲ್ಲಿ ಬಂದು ಬಸ್ ಕಂಡಕ್ಟರ್ ಆದದ್ದು, ಕಪ್ಪು ಜನಕ್ಕೆ ಬಾಡಿಗೆಗೆ ಇಲ್ಲ ಎಂದು ಬೋರ್ಡು ಹಾಕಿದ ಮನೆಗಳ ಮುಂದೆ ಪೆಟ್ಟಿಗೆ ಹಿಡಿದು ನಡೆದದ್ದು, ಆ ಬೋರ್ಡಿನ ಮೇಲೇ ಹಾಡು ಕಟ್ಟಿ ಶನಿವಾರದ ಹಾಲ್‌ನಲ್ಲಿ ಹಾಡಿದ್ದು. "ಅತ್ತಿದ್ದರೆ ಯಾರು ಕೇಳುತ್ತಿದ್ದರು, ಡಾರ್ಲಿಂಗ್? ನಗಿಸಿದೆ. ನಕ್ಕವರು ಮನೆಗೆ ಹೋಗಿ ಯೋಚಿಸಿದರು. ಅದೇ ಕಲಿಪ್ಸೊ. ನಿಂತ ಜಾಗದಲ್ಲಿ, ಎದುರಿಗಿದ್ದವರ ಮೇಲೆ, ಆ ಕ್ಷಣದಲ್ಲಿ ಕಟ್ಟಬೇಕು."

ಸಂಜೆ ಅವಳೂ ನಚಿಕೇತನೂ ಹದಿನೆಂಟನೇ ನಂಬರ್ ಬಸ್ಸಿನ ಮೇಲಂತಸ್ತಿನಲ್ಲಿ ಎನಿಡ್ ಮನೆಗೋ ಬೆಂಟ್ಲಿ ಮನೆಗೋ ಹೋಗುತ್ತಿದ್ದರು. ಅವನು ಅವರ ಮಾತು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ, ಅವಳು ಸುಮ್ಮನೆ ಕೇಳುತ್ತಿದ್ದಳು. ಸೋಹೋದ ಕ್ಲಬ್ಬುಗಳಲ್ಲಿ ಗಂಡಸರ ನಡುವೆ ಒಬ್ಬಳೇ ಪಿಯಾನೋ ನುಡಿಸಿದ್ದ ಎನಿಡ್‌ಳ ಬೆರಳುಗಳು ಈಗ ಸಂಧಿವಾತದಿಂದ ಬಾಗಿದ್ದವು. ಆದರೂ ಮನೆಯ ಹಳೆಯ ಪಿಯಾನೋದ ಮೇಲೆ ಅವು ಇಳಿದಾಗ ಮಾಳವಿಕಾ ಉಸಿರು ಬಿಗಿಹಿಡಿದಳು. ಬೆಂಟ್ಲಿ ನೆಲಮಾಳಿಗೆಯಲ್ಲಿ ಬೇಸ್‌ನ ಒಂದು ತಂತಿ ಮೀಟಿ, "ರೆಗೆ ಕಿವಿಯಿಂದ ಕೇಳೋದಲ್ಲ, ಪಾದದಿಂದ" ಎಂದ. ನೆಲ ನಿಜವಾಗಿಯೂ ನಡುಗಿತು. ಡೆನೀಸ್ ಈ ಹಿರಿಯರ ಹೆಸರುಗಳನ್ನೆಲ್ಲ ಪೋಣಿಸಿ ರ‍್ಯಾಪ್ ಕಟ್ಟುತ್ತಿದ್ದಳು.

"ಎರಡು ವರ್ಷದಿಂದ ಇದೇ ಊರಲ್ಲಿದೀನಿ" ಎಂದಳು ಮಾಳವಿಕಾ ವಾಪಸು ಬರುವಾಗ. "ಇವರ ಕಿವಿ ಮಾತ್ರ ನೋಡ್ತಾ ಇದ್ದೆ."

"ಈಗ ಏನು ನೋಡ್ಲಿಕ್ಕತ್ತೀರಿ?"

"ಕಿಟಕಿ" ಎಂದಳು. ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು. ಅವನಿಗೂ ಅದು ಗೊತ್ತಾಯಿತು.

ಅವಳು ಹೇಳದೆ ಉಳಿಸಿದ ಸಂಗತಿಯೊಂದಿತ್ತು. ಅವಳ ಎರಡು ವರ್ಷದ ಕೆಲಸದ ಗಡುವು ಮುಗಿಯುತ್ತ ಬಂದಿತ್ತು. ಮೈಸೂರಿನ ಸಂಸ್ಥೆಯಲ್ಲಿ ಪಾಠ ಹೇಳುವ ಹುದ್ದೆ ಸಿಕ್ಕಿತ್ತು, ನವೆಂಬರ್ ಹನ್ನೆರಡಕ್ಕೆ ವಿಮಾನ. ಅಪ್ಪ ಊರಿಗೆಲ್ಲ ಹೇಳಿಕೊಂಡಿದ್ದರು. ಇಲ್ಲಿಯ ಮುಖ್ಯಸ್ಥೆ ಮಾತ್ರ, ಇನ್ನೆರಡು ವರ್ಷ ಇರುವೆಯಾ, ಸಂಗೀತಗಾರರಿಗೆಂದೇ ವಾರಕ್ಕೊಂದು ಕ್ಲಿನಿಕ್ ನಡೆಸುವೆಯಾ ಎಂದು ಮೊನ್ನೆಯಷ್ಟೇ ಕೇಳಿದ್ದಳು. ಮಾಳವಿಕಾ ಉತ್ತರ ಕೊಟ್ಟಿರಲಿಲ್ಲ. ನಚಿಕೇತ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳೇನೋ. ಅವನು ರೆಕಾರ್ಡು, ಪೋಸ್ಟರು, ಕುರ್ಚಿಗಳ ಬಗ್ಗೆ ಮಾತಾಡುತ್ತಿದ್ದ. ಮಾತಿನ ನಡುವೆ ಅವಳನ್ನು ನೋಡಿ, ಏನೋ ಹೇಳಹೊರಟು, ಕನ್ನಡಕ ಒರೆಸಿಕೊಳ್ಳುತ್ತಿದ್ದ.

ಮೂರನೇ ಬುಧವಾರ, ನಚಿಕೇತನಿಗೆ ಹಾಲ್‌ನ ಕೆಲಸವಿದ್ದುದರಿಂದ ಒಬ್ಬರೇ ಬಂದಿದ್ದ ಸೆಲ್ವಿನ್ ತಮ್ಮದೇ ಹಳೆಯ ರೆಕಾರ್ಡು ಕೇಳುತ್ತ ಕೂತಿದ್ದವರು ಇದ್ದಕ್ಕಿದ್ದಂತೆ ಕೈಯೆತ್ತಿದರು. ಮಾಳವಿಕಾ ಸ್ಕ್ರೂಡ್ರೈವರ್ ಹಿಂದೆಗೆದಳು. ಮುದುಕರ ಕಣ್ಣು ತುಂಬಿತ್ತು. "ಇವನು ನಾನೇ" ಎಂದರು ಮೆಲ್ಲಗೆ. ಆಮೇಲೆ ಕೇಳಿದರು: "ಇದು ಮತ್ತೆ ಸಡಿಲಾದರೆ ನಿನ್ನ ಹತ್ತಿರ ಬರಲಾ?" ಅವಳಿಗೆ ಸುಳ್ಳು ಹೇಳಲಾಗಲಿಲ್ಲ. ಊರಿಗೆ ಹೋಗುವುದನ್ನು ಹೇಳಿದಳು. ನಚಿಕೇತನಿಗೆ ಹೇಳಬೇಡಿ ಎಂದೂ ಹೇಳಿದಳು.

ಶನಿವಾರ ಮಧ್ಯಾಹ್ನ ಹಾಲ್ ತುಂಬಿ ಜನ ಗೋಡೆಗೊರಗಿ ನಿಂತಿದ್ದರು. ಗೋಡೆಯ ಮೇಲೆ ಲೂಯಿ ಆರ್ಮ್‌ಸ್ಟ್ರಾಂಗ್, ಕಲಿಪ್ಸೊ ಹಾಡುಗಾರ ಲಾರ್ಡ್ ಕಿಚನರ್, ಬಾಬ್ ಮಾರ್ಲಿ, ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್. ಅವರ ಸಾಲಿನಲ್ಲೇ, ಅಷ್ಟೇ ದೊಡ್ಡ ಚೌಕಟ್ಟಿನಲ್ಲಿ, ಎನಿಡ್, ಸೆಲ್ವಿನ್, ಬೆಂಟ್ಲಿ, ಡೆನೀಸ್. ನಚಿಕೇತ ಹಾಗೇ ತೂಗುಹಾಕಿದ್ದ. ಎನಿಡ್ ತನ್ನ ಚಿತ್ರದ ಮುಂದೆ ಬಹಳ ಹೊತ್ತು ನಿಂತು ಕರವಸ್ತ್ರ ಹುಡುಕಿದಳು. ಪಿಯಾನೋ ಆಯಿತು, ಬೇಸ್ ಆಯಿತು. ಡೆನೀಸ್ ಹಿರಿಯರ ಹೆಸರು ಹೇಳಿದಂತೆಲ್ಲ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಕೊನೆಗೆ ಸೆಲ್ವಿನ್. ಹ್ಯಾಟು ಸರಿಮಾಡಿಕೊಂಡು ಮೊದಲ ಸಾಲು ಎತ್ತಿದರು. ಮೊದಲ ಸಾಲಿನ ಕುರ್ಚಿಯಲ್ಲಿ ಮಾಳವಿಕಾ ಕೈಗಳನ್ನು ಒಂದಕ್ಕೊಂದು ಬಿಗಿದು ಕೂತಿದ್ದಳು. ಶ್ರುತಿ ನೆಟ್ಟಗೆ ಕೂತಿತು. ಎಪ್ಪತ್ತರ ದನಿ ಸ್ವಲ್ಪ ಒರಟಾಗಿತ್ತು, ಆದರೆ ಎಲ್ಲಿಯೂ ಜಾರಲಿಲ್ಲ. ಎರಡು ಹಾಡು ಮುಗಿದ ಮೇಲೆ ಅವರು ಜೊತೆಗೆ ನುಡಿಸುತ್ತಿದ್ದ ಗಿಟಾರಿನವನಿಗೆ ಸನ್ನೆ ಮಾಡಿ, ಮೈಕ್ ಪಕ್ಕ ನಿಂತಿದ್ದ ನಚಿಕೇತನನ್ನು ನೋಡಿ, ಅಲ್ಲೇ ಕಟ್ಟಿ ಹಾಡತೊಡಗಿದರು. ಕನ್ನಡದಲ್ಲಿ ಹೇಳಿದರೆ ಅದು ಹೀಗಿತ್ತು:

ಲೈಬ್ರರಿ ಹುಡುಗನ ಪುಸ್ತಕ ಸಾವಿರ,
ಒಂದು ಮಾತಾಡೋಕೆ ಸಾಲದು ಮೂರು ವಾರ.
ಕಿವಿ ನೋಡೋ ಹುಡುಗಿ ಹೊರಟಳು ದೂರ,
ಕೇಳೋಕೆ ಅವಳಿದ್ದರೂ ಹೇಳೋಕೆ ಏನು ಭಾರ?

ಹಾಲ್ ಪೂರ್ತಿ ನಕ್ಕಿತು. ನಚಿಕೇತನೂ ನಗಲು ಹೊರಟವನು ಮೂರನೇ ಸಾಲಿಗೆ ನಿಂತುಬಿಟ್ಟ. ಮೈಕನ್ನು ಡೆನೀಸ್ ಕೈಗೆ ಕೊಟ್ಟು ಹಿಂಬಾಗಿಲಿನಿಂದ ಹೋದ.

ಮಾಳವಿಕಾ ಹೋದಾಗ ಅವನು ಹಿಂದಿನ ಕೋಣೆಯಲ್ಲಿ ಟೀ ಕಪ್ಪುಗಳನ್ನು ಸುಮ್ಮಸುಮ್ಮನೆ ಸಾಲಾಗಿ ಜೋಡಿಸುತ್ತಿದ್ದ.

"ದೂರ ಅಂದ್ರ ಎಲ್ಲಿಗ್ರಿ?"

"ಮೈಸೂರಿಗೆ. ಹನ್ನೆರಡಕ್ಕೆ ಫ್ಲೈಟು."

ಅವನು ತಟ್ಟನೆ ಇಂಗ್ಲಿಷಿಗೆ ಹಾರಿದ. ಒಳ್ಳೆಯ ಅವಕಾಶ, ಅಭಿನಂದನೆ, ನಿಮ್ಮ ಸಹಾಯಕ್ಕೆ ಲೈಬ್ರರಿ ಎಂದಿಗೂ ಕೃತಜ್ಞ ಎಂದೆಲ್ಲ. ನಗರಸಭೆಯಿಂದ ಬರುವ ಪತ್ರದ ಹಾಗಿತ್ತು.

"ಕನ್ನಡದಲ್ಲಿ ಹೇಳಿ" ಎಂದಳು.

"ಬರೂದಿಲ್ರಿ. ಅಜ್ಜಿ ನನಗ ಊಟದ ಮಾತು, ಬೈಗಳ, ದೇವರ ಹಾಡು, ಇಷ್ಟ ಕಲಿಸ್ಯಾಳ. ಇದನ್ನ ಕಲಿಸಿಲ್ಲ."

"ಬಂದಷ್ಟು ಹೇಳಿ. ನಂಗೆ ಕೇಳಿಸುತ್ತೆ."

ಹೊರಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅವನು ಕನ್ನಡಕ ತೆಗೆದ. ಈ ಸಲ ಒರೆಸಲಿಲ್ಲ.

"ನೀವು ಹೋಗಬ್ಯಾಡ್ರಿ" ಎಂದ. ಒಂದು ಗಳಿಗೆ ಬಿಟ್ಟು, ಇನ್ನೂ ಸಣ್ಣ ದನಿಯಲ್ಲಿ, "ನೀ ಹೋಗಬ್ಯಾಡ" ಎಂದ.

ಮಾಳವಿಕಾ ಸಾಲಿನ ಒಂದು ಕಪ್ಪನ್ನು ಪಕ್ಕಕ್ಕೆ ಸರಿಸಿದಳು. "ಹೋಗ್ಲೇಬೇಕು" ಎಂದಳು. ಅವನ ಮುಖ ಇಳಿಯುವುದನ್ನು ನೋಡಲಾರದೆ ಬೇಗ ಬೇಗ ಮುಂದುವರಿಸಿದಳು. "ಅಪ್ಪನ ಎದುರು ಕೂತು, ಆ ಕೆಲಸ ಬೇಡ, ಲಂಡನ್ನಲ್ಲಿ ಹಾಡೋರ ಕಿವಿ ನೋಡ್ಕೊಂಡಿರ್ತೀನಿ ಅಂತ ಹೇಳ್ಬೇಕು. ಫೋನಲ್ಲಿ ಹೇಳೋ ವಿಷಯ ಅಲ್ಲ. ಇನ್ನೊಂದು ವಿಷಯವೂ ಹೇಳೋದಿದೆ. ಎರಡು ತಿಂಗಳಾಗಬಹುದು." ಆಮೇಲೆ ಕೇಳಿದಳು: "ಕಾಯ್ತೀಯಾ?"

ಅವಳು ಬಹುವಚನ ಬಿಟ್ಟದ್ದು ಅವನ ಕಿವಿಗೆ ತಪ್ಪಲಿಲ್ಲ.

"ಕಾಯ್ತೀನಿ" ಎಂದ. ಅವಳು ಕೈ ಚಾಚಿದಳು. ಕಪ್ಪುಗಳ ಸಾಲು ದಾಟಿ ಅವನು ಅದನ್ನು ಹಿಡಿದುಕೊಂಡ.

ಜನವರಿಯ ಎರಡನೇ ವಾರ ಹೀಥ್ರೋದಲ್ಲಿ ಅವಳು ಒಬ್ಬಳೇ ಇಳಿಯಲಿಲ್ಲ. ಮಂಕಿ ಕ್ಯಾಪು, ಎರಡು ಸ್ವೆಟರು ತೊಟ್ಟ ಅಪ್ಪ ಸತ್ಯಪ್ರಕಾಶ ಪಕ್ಕದಲ್ಲಿದ್ದರು. ಮಗಳ ಮಾತನ್ನು ಮೂರು ವಾರ ಕೇಳಿ, ಒಂದು ವಾರ ಮುನಿಸಿಕೊಂಡು, ಆಮೇಲೆ ಹುಡುಗನನ್ನು ತಾನೇ ನೋಡದೆ ಒಪ್ಪುವುದಿಲ್ಲ ಎಂದು ವೀಸಾಕ್ಕೆ ಅರ್ಜಿ ಹಾಕಿದ್ದರು. ಕಟಕಟೆಯಾಚೆ ನಿಂತಿದ್ದ ನಚಿಕೇತ ಬಾಗಿ ಕಾಲು ಮುಟ್ಟಿದ. ಅವರು ಅವನನ್ನು ಮೇಲಿಂದ ಕೆಳಗೆ ನೋಡಿ, ದನಿ ಗಟ್ಟಿಮಾಡಿಕೊಂಡು ಕೇಳಿದರು.

"ಯಾವ ಊರಪ್ಪಾ ನಿಮ್ಮದು?"

"ಗ್ರೀನ್‌ಫರ್ಡ್‌ರಿ."

ಸತ್ಯಪ್ರಕಾಶ ಮಗಳ ಕಡೆ ತಿರುಗಿದರು. ಅವಳು ಶಾಲಿನ ತುದಿಯಲ್ಲಿ ನಗು ಮುಚ್ಚಿಕೊಂಡಿದ್ದಳು.

"ಗ್ರೀನ್‌ಫರ್ಡಲ್ಲಿ ಹಿಂಗೆ ಮಾತಾಡ್ತಾರೇನಮ್ಮಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಕೈಯಲ್ಲಿದ್ದ ಚೀಲವನ್ನು ಹುಡುಗನ ಕೈಗೆ ಕೊಟ್ಟು ಮುಂದೆ ನಡೆದರು.