ಹಿಂದಿನ ಬೀದಿಯಲ್ಲೇ

"ಈಗ ಮತ್ತೆ ಇಬ್ಬರು ನಮ್ಮ ವೆಬ್‌ಸೈಟ್ ನೋಡಿದ್ರು," ಎಂದಳು ಜಿಪ್ಪಿ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಅಜ್ಜಿ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ನೋಡಿದೋರು ಎಲ್ಲಿ ಹೋದ್ರು ಅಂತ ನಿನ್ನ ಲ್ಯಾಪ್‌ಟಾಪನ್ನೇ ಕೇಳೇ," ಎಂದಳು ಅಜ್ಜಿ.

ಮೂಲೆಯಲ್ಲಿ ಅಮ್ಮ ಹೊಲಿಗೆ ಮೆಶಿನ್ನಿಗೆ ಎಣ್ಣೆ ಬಿಡುತ್ತಿದ್ದಳು. ಬೆಳಗ್ಗೆಯೂ ಬಿಟ್ಟಿದ್ದಳು, ಮಧ್ಯಾಹ್ನವೂ ಬಿಟ್ಟಿದ್ದಳು. ಕೆಲಸವಿಲ್ಲದ ಮೆಶಿನ್ನಿಗೆ ಅಷ್ಟೊಂದು ಎಣ್ಣೆ ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಮ್ಮನದು ಬ್ಯಾಗ್ ರಿಪೇರಿ ಅಂಗಡಿ. ಕಿತ್ತುಹೋದ ಜಿಪ್ಪು, ಹರಿದ ಪಟ್ಟಿ, ಸೂಟ್‌ಕೇಸಿನ ಕಳಚಿದ ಚಕ್ರ, ಏನೇ ಇರಲಿ, ಅವಳ ಕೈಗೆ ಬಂದರೆ ಸರಿಹೋಗುತ್ತಿತ್ತು. ಜಿಪ್ಪಿ ಪಾಪುವಾಗಿದ್ದಾಗ ಒಂದು ಜಿಪ್ಪನ್ನು ಮೇಲೆ ಕೆಳಗೆ ಎಳೆಯದೆ ನಿದ್ದೆ ಮಾಡುತ್ತಿರಲಿಲ್ಲವಂತೆ. ಅದಕ್ಕೇ ಆ ಹೆಸರು. ನಿಜವಾದ ಹೆಸರು ಶಾಲೆಯ ಹಾಜರಿಗೆ ಮಾತ್ರ.

ಹೋದ ವಾರದವರೆಗೂ ಅಂಗಡಿ ದೊಡ್ಡ ರಸ್ತೆಯಲ್ಲಿತ್ತು. ಬಸ್ಸಿಳಿದವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದೇ ಅದು. ಆ ಕಟ್ಟಡ ಹಳೆಯದಾಯಿತು, ಕೆಡವುತ್ತೇವೆ ಎಂದರು ಮಾಲೀಕರು. ಹಾಗಾಗಿ ಅಮ್ಮ ಅದರ ಬೆನ್ನಿಗೇ ಇರುವ ಬೀದಿಯಲ್ಲಿ ಈ ಪುಟ್ಟ ಕೋಣೆ ಹಿಡಿದಳು. ಇಲ್ಲಿ ಬಸ್ಸಿಲ್ಲ, ಜನವಿಲ್ಲ. ಒಂದು ಬೆಕ್ಕು ಮಾತ್ರ ದಿನಕ್ಕೆರಡು ಸಲ ಬಂದು ಇಣುಕಿ ಹೋಗುತ್ತದೆ.

ಸೋಮವಾರ ಶಾಲೆ ಶುರು. ಅದರ ಹಿಂದಿನ ವಾರ ಎಂದರೆ ಅಮ್ಮನಿಗೆ ಉಸಿರಾಡಲು ಪುರಸೊತ್ತು ಇರುತ್ತಿರಲಿಲ್ಲ. ಬ್ಯಾಗುಗಳ ರಾಶಿಯ ಹಿಂದೆ ಅವಳ ತಲೆಯೂ ಕಾಣುತ್ತಿರಲಿಲ್ಲ. ಈ ವರ್ಷ ಅದೇ ವಾರ ಬಂದಿದೆ, ರಾಶಿ ಬಂದಿಲ್ಲ.

ಊರಾಚೆಯ ಬ್ಯಾಗ್ ಕಾರ್ಖಾನೆಯ ಸೂಪರ್‌ವೈಸರ್ ನಿನ್ನೆ ಫೋನ್ ಮಾಡಿದ್ದರು. ಅಲ್ಲಿ ಒಂದು ಕೆಲಸ ಖಾಲಿ ಇದೆ, ಇವತ್ತು ಸಂಜೆ ಐದರೊಳಗೆ ಹೂಂ ಅನ್ನಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತಾರೆ. ಸಂಜೆಯ ಪಾಳಿ. ಜಿಪ್ಪಿ ಶಾಲೆಯಿಂದ ಬರುವಷ್ಟರಲ್ಲಿ ಅಮ್ಮ ಹೊರಟಿರುತ್ತಾಳೆ, ಅಮ್ಮ ಬರುವಷ್ಟರಲ್ಲಿ ಜಿಪ್ಪಿ ಮಲಗಿರುತ್ತಾಳೆ.

ಅದಕ್ಕಿಂತ ಹೆಚ್ಚಾಗಿ ಜಿಪ್ಪಿಯನ್ನು ಕಾಡಿದ್ದು ಬೆಳಗ್ಗೆ ಕಿವಿಗೆ ಬಿದ್ದ ಮಾತು. ಅಮ್ಮ ಅಜ್ಜಿಗೆ ಮೆಲ್ಲಗೆ ಹೇಳುತ್ತಿದ್ದಳು. "ಇಷ್ಟು ವರ್ಷ ಜನ ನನ್ನ ಕೈ ನೋಡಿ ಬರ್ತಿದ್ರು ಅಂದ್ಕೊಂಡಿದ್ದೆ ಕಣಮ್ಮ. ಅವರು ರಸ್ತೆ ನೋಡಿ ಬರ್ತಿದ್ರು ಅಷ್ಟೆ."

ಜನರಿಗೆ ಹೊಸ ಜಾಗ ಗೊತ್ತಾಗಲಿ ಎಂದೇ ಜಿಪ್ಪಿ ವೆಬ್‌ಸೈಟ್ ಮಾಡಿದ್ದು. ಮೇಲಿನ ಮನೆಯ ಅಣ್ಣ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಾನೆ. ಪರೀಕ್ಷೆ ಮುಗಿಸಿ ಮಾಡಿಕೊಡುತ್ತೇನೆ ಎಂದಿದ್ದ. ಜಿಪ್ಪಿಗೆ ಅಷ್ಟು ದಿನ ಕಾಯಲು ಆಗಲಿಲ್ಲ. ಕೋಡಿಂಗ್ ಇಲ್ಲದೆಯೇ ವೆಬ್‌ಸೈಟ್ ಮಾಡಬಹುದು, ಅದಕ್ಕೊಂದು ಆಪ್ ಇದೆ, ನಾನೇ ಮಾಡ್ತೀನಿ ಎಂದುಬಿಟ್ಟಳು.

"ಕೋಡಿಲ್ಲದೆ ಮಾಡು, ಒಳ್ಳೇದೇ," ಎಂದಿದ್ದಳು ಅಜ್ಜಿ. "ಮಾಡಿದ್ಮೇಲೆ ಕೋಡು ಮೂಡದಿದ್ರೆ ಸಾಕು."

ಆಪ್ ಕೊಟ್ಟ ಮಾದರಿ ಪುಟ ಒಂದು ಕೇಕ್ ಅಂಗಡಿಯದು. ಜಿಪ್ಪಿ ಕೇಕುಗಳನ್ನು ಒಂದೊಂದಾಗಿ ಅಳಿಸಿ ಆ ಜಾಗದಲ್ಲಿ ಬ್ಯಾಗುಗಳ ಫೋಟೋ ಎಳೆದು ಬಿಟ್ಟಳು. ಪುಟದ ಒಂದು ಚೌಕ ಮುಟ್ಟಿದರೆ ಇನ್ನೊಂದು ಓಡಿಹೋಗುತ್ತಿತ್ತು. ಒಮ್ಮೆಯಂತೂ ಅಮ್ಮನ ಮುಖದ ಫೋಟೋ ಕೇಕಿನ ತಟ್ಟೆಯ ಮೇಲೆ ಹೋಗಿ ಕೂತಿತು, ಅಜ್ಜಿ ನಕ್ಕೂ ನಕ್ಕೂ ಕೆಮ್ಮಿದಳು. ಫೋನ್ ನಂಬರ್ ಮಾತ್ರ ಹಾಕಕೂಡದು ಎಂದಳು ಅಮ್ಮ. ಹೊಲಿಯುವಾಗ ಅವಳು ಯಾರ ಫೋನನ್ನೂ ಎತ್ತುವುದಿಲ್ಲ. ಒಮ್ಮೆ ಎತ್ತಲು ಹೋಗಿ ಸೂಜಿ ಬೆರಳೊಳಗೆ ಇಳಿದಿತ್ತು.

ಕೊನೆಗೆ ಪುಟದ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಬರೆದಳು: 'ಗಾಬರಿ ಬೇಡ. ನಾವು ದೂರ ಹೋಗಿಲ್ಲ. ಅಂಗಡಿ ಹಿಂದಿನ ಬೀದಿಯಲ್ಲೇ ಇದೆ.'

ಅಮ್ಮ ಓದಿದಳು, ಚೆನ್ನಾಗಿದೆ ಎಂದಳು. ಅಜ್ಜಿ ಕನ್ನಡಕ ಹಾಕಿಕೊಂಡು ಓದಿದಳು, ಚೆನ್ನಾಗಿದೆ ಎಂದಳು. ಪಬ್ಲಿಶ್ ಒತ್ತುವ ಮೊದಲು ಹೊರಗಿನವರಿಗೆ ಯಾರಿಗಾದರೂ ತೋರಿಸು ಎಂದ ಮೇಲಿನ ಮನೆಯ ಅಣ್ಣ. "ಏನೂ ಬೇಕಾಗಿಲ್ಲ, ಎಲ್ಲ ಸರಿಯಾಗೇ ಇದೆ," ಎಂದು ಜಿಪ್ಪಿ ಒತ್ತಿಯೇಬಿಟ್ಟಳು. ಆಮೇಲೆ ಅಜ್ಜಿ ಅವಳ ನೆತ್ತಿ ಸವರಿ, ಎರಡೂ ಕಡೆ ಸಣ್ಣಗೆ ಮೂಡ್ತಾ ಇದೆ ಎಂದಿದ್ದಳು.

ಹಳೆಯ ಅಂಗಡಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಅಂಗಡಿ ಬದಲಾಗಿದೆ, ವೆಬ್‌ಸೈಟ್ ನೋಡಿ ಎಂದು ಬರೆದು ಬಂದಿದ್ದರು. ಜನ ನೋಡುತ್ತಲೂ ಇದ್ದರು. ನೋಡಿದವರ ಸಂಖ್ಯೆ ದಿನದಿನಕ್ಕೂ ಏರುತ್ತಿತ್ತು. ನೋಡಿಯೂ ಯಾಕೆ ಬರುತ್ತಿಲ್ಲ?

"ಜಿಪ್ಪಿ," ಎಂದಳು ಅಮ್ಮ. "ಹಳೇ ಅಂಗಡಿ ಬೀಗದ ಕೈ ಮಾಲೀಕರಿಗೆ ಕೊಟ್ಟು ಬಾ. ಅದನ್ನಿಟ್ಕೊಂಡು ಇನ್ನೇನು ಮಾಡೋದಿದೆ?"

ಗಡಿಯಾರದಲ್ಲಿ ನಾಲ್ಕು ದಾಟಿತ್ತು. ಅಮ್ಮನ ಫೋನು ಮೆಶಿನ್ನಿನ ಪಕ್ಕದಲ್ಲೇ ಇತ್ತು. ಜಿಪ್ಪಿ ಬೀಗದ ಕೈ ತೆಗೆದುಕೊಂಡು ಹೊರಗೆ ಬಂದಳು.

ಓಣಿ ದಾಟಿ ದೊಡ್ಡ ರಸ್ತೆಗೆ ಬಂದವಳು ಅಲ್ಲೇ ನಿಂತಳು. ಹಳೆಯ ಅಂಗಡಿಯ ಮುಂದೆ ಜನ ಇದ್ದರು.

ಒಬ್ಬರು ಹೆಂಗಸು, ಕೈಯಲ್ಲಿ ಪಟ್ಟಿ ಕಿತ್ತ ಶಾಲೆಯ ಬ್ಯಾಗು. ಅವರ ಪಕ್ಕದಲ್ಲಿ ಜಿಪ್ಪಿಯ ಶಾಲೆಯ ಡ್ರಿಲ್ ಮಾಸ್ಟರು. ಕೊರಳಲ್ಲಿ ಸೀಟಿ, ಬೆನ್ನ ಮೇಲೆ ಚೆಂಡು ತುಂಬಿದ ಬಲುದೊಡ್ಡ ಬ್ಯಾಗು. ಅದರ ಜಿಪ್ಪು ಬಾಯಿಬಿಟ್ಟು ಒಂದು ಫುಟ್‌ಬಾಲು ಹೊರಗೆ ಇಣುಕುತ್ತಿತ್ತು.

"ನಾನು ನಿನ್ನೆನೂ ಬಂದಿದ್ದೆ," ಎನ್ನುತ್ತಿದ್ದರು ಆ ಹೆಂಗಸು. "ಆಗ್ಲೂ ಬಾಗಿಲು ಹಾಕಿತ್ತು. ಆಕೆ ಹೊಲಿದ ಸೂಟ್‌ಕೇಸು ಇವತ್ತಿಗೂ ಒಂದು ದಾರ ಬಿಟ್ಟಿಲ್ಲ. ಬೇರೆ ಕಡೆ ಕೊಡೋಕೆ ಮನಸ್ಸೇ ಬರಲ್ಲ. ಆದ್ರೆ ಎಷ್ಟು ಸಲ ಅಂತ ಬರೋದು?" ಅಷ್ಟರಲ್ಲಿ ಬಸ್ಸು ಬಂತು, ಅವರು ಅವಸರವಾಗಿ ಹತ್ತಿ ಹೋದರು.

ಜಿಪ್ಪಿ ಬಾಗಿಲು ನೋಡಿದಳು. ಅಮ್ಮನ ಚೀಟಿಯ ಮೇಲೆ ಯಾರೋ ಟ್ಯೂಷನ್ ಕ್ಲಾಸಿನ ಪೋಸ್ಟರು ಬಡಿದಿದ್ದರು. ವೆಬ್‌ಸೈಟಿನ ಹೆಸರೊಂದೇ ಕೆಳಗೆ ಕಾಣುತ್ತಿತ್ತು. ಮೇಲೆ ಹಳೆಯ ಬೋರ್ಡು ಇನ್ನೂ ತೂಗುತ್ತಿತ್ತು.

"ಏ, ನೀನು ಈ ಅಂಗಡಿಯವರ ಮಗಳಲ್ವೇನಮ್ಮ?" ಡ್ರಿಲ್ ಮಾಸ್ಟರು ಫೋನನ್ನು ಅವಳ ಮುಂದೆ ಹಿಡಿದರು. "ನೋಡಿಲ್ಲಿ. ನಾವು ದೂರ ಹೋಗಿಲ್ಲ, ಹಿಂದಿನ ಬೀದಿಯಲ್ಲೇ ಇದೀವಿ ಅಂತ ಬರೆದಿದಾರೆ. ಹಿಂದೆ ಇದ್ದ ಬೀದಿ ಇದೇ ತಾನೆ? ಮತ್ತೆ ಬಾಗಿಲು ಯಾವಾಗ ತೆಗೀತಾರೆ?"

ಜಿಪ್ಪಿ ತನ್ನದೇ ದಪ್ಪ ಅಕ್ಷರಗಳನ್ನು ಓದಿದಳು. ಹಿಂದಿನ ಬೀದಿ. ಅವಳ ಲೆಕ್ಕದಲ್ಲಿ ಅದು ಬೆನ್ನ ಹಿಂದಿನ ಬೀದಿ. ಇವರ ಲೆಕ್ಕದಲ್ಲಿ ಅದು ಮೊದಲಿದ್ದ ಬೀದಿ. ಎರಡೂ ಸರಿಯೇ. ವೆಬ್‌ಸೈಟ್ ನೋಡಿದವರೆಲ್ಲ ಬಂದಿದ್ದರು. ಅದು ಹೇಳಿದ ಕಡೆಗೇ ಬಂದು, ಬೀಗ ನೋಡಿ ಹೋಗಿದ್ದರು.

ಅವಳ ಕಿವಿ ಬಿಸಿಯಾಯಿತು. ಬನ್ನಿ ಸರ್ ಎಂದು ಕರೆದುಕೊಂಡು ಹೋಗಬಹುದಿತ್ತು. ಆದರೆ ಇವರೊಬ್ಬರು ಬಂದರೆ ಆಯಿತೇ? ಆ ಹೆಂಗಸು? ನಿನ್ನೆಯವರು? ನಾಳೆ ಬರುವವರು? ಅಷ್ಟರಲ್ಲಿ ಅಮ್ಮ ಫೋನ್ ಮಾಡಿಬಿಟ್ಟರೆ?

"ಸರ್, ಸ್ವಲ್ಪ ಹೊತ್ತು ಇಲ್ಲೇ ಇರಿ. ದಯವಿಟ್ಟು ಹೋಗ್ಬೇಡಿ," ಎಂದವಳೇ ಓಟ ಕಿತ್ತಳು.

ಓಡುತ್ತಾ ಒಂದು ಯೋಚನೆ ಬಂತು. ಸುಮ್ಮನೆ ಒಳಗೆ ಹೋಗಿ, ಆ ಸಾಲು ಅಳಿಸಿ, ಬೇರೆ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಜನ ತಾವಾಗಿಯೇ ಬರುತ್ತಾರೆ. ತನ್ನ ತಪ್ಪು ಎಂದು ಬಾಯಿಬಿಡುವುದೇ ಬೇಡ. ಆ ಯೋಚನೆ ಹಿತವಾಗಿಯೇ ಇತ್ತು.

ಒಳಗೆ ಕಾಲಿಟ್ಟಾಗ ಅಮ್ಮ ಫೋನ್ ಕೈಯಲ್ಲಿ ಹಿಡಿದಿದ್ದಳು. ಅವಳ ಮುಖ ನೋಡಿ ಜಿಪ್ಪಿಗೆ ಬೆಳಗಿನ ಮಾತು ನೆನಪಾಯಿತು. ರಸ್ತೆ ನೋಡಿ ಬರ್ತಿದ್ರು ಅಷ್ಟೆ.

"ಅಮ್ಮಾ, ಫೋನ್ ಮಾಡ್ಬೇಡ. ಎಲ್ಲ ನಂದೇ ತಪ್ಪು."

ಕೊಡದೆ ತಂದ ಬೀಗದ ಕೈಯನ್ನು ಮೆಶಿನ್ನಿನ ಪಕ್ಕ ಇಟ್ಟು, ಏದುಸಿರು ಬಿಡುತ್ತಲೇ ಎಲ್ಲ ಹೇಳಿದಳು. ಬೋರ್ಡು, ಪೋಸ್ಟರು, ಡ್ರಿಲ್ ಮಾಸ್ಟರು, ಸೂಟ್‌ಕೇಸಿನ ಹೆಂಗಸು, ಹಿಂದಿನ ಬೀದಿ. ಹೇಳಿ ಮುಗಿಸಿ ನೆಲ ನೋಡುತ್ತಾ ನಿಂತಳು. ಈಗ ಬೈಗುಳ ಬೀಳುತ್ತದೆ ಎಂದು ಕಾದಳು.

ಅಮ್ಮ ಫೋನನ್ನು ಕೆಳಗಿಟ್ಟಳು.

"ಬಂದಿದ್ರಾ?" ಎಂದಳು. "ನಿಜವಾಗ್ಲೂ ಬಂದಿದ್ರಾ?"

ಜಿಪ್ಪಿ ತಲೆಯಾಡಿಸಿದಳು. ಅವಳಿಗೆ ಅಳು ಬಂತು.

ಅಜ್ಜಿ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡು ಆ ಸಾಲನ್ನು ಮತ್ತೆ ಓದಿದಳು. "ಇದನ್ನ ನಾನೂ ಓದಿದ್ನಲ್ಲೇ. ನಿಮ್ಮಮ್ಮನೂ ಓದಿದ್ಲು. ನಮಗೆ ಜಾಗ ಗೊತ್ತಿತ್ತು ನೋಡು, ತಪ್ಪು ಕಾಣಲೇ ಇಲ್ಲ." ಆಮೇಲೆ ಮೊಮ್ಮಗಳ ನೆತ್ತಿ ಸವರಿದಳು. "ಏನೂ ಇಲ್ಲ ಈಗ. ಬರೀ ಕೂದಲು."

ಜಿಪ್ಪಿ ಮೂಗೊರೆಸಿಕೊಂಡು ಕೂತಳು. ಹಳೆಯ ಸಾಲು ಅಳಿಸಿದಳು. ಕಣ್ಣು ಮುಚ್ಚಿ, ಬಸ್ಸಿನಿಂದ ಈಗಷ್ಟೇ ಇಳಿದಂತೆ ನೆನೆಸಿಕೊಂಡಳು. ಆಮೇಲೆ ನಿಧಾನವಾಗಿ ಬರೆದಳು: 'ದೊಡ್ಡ ರಸ್ತೆಯ ಅಂಗಡಿ ಮುಚ್ಚಿದೆ. ಅಲ್ಲಿ ಕಾಯಬೇಡಿ. ಅದರ ಪಕ್ಕದಲ್ಲಿ ಕಟಿಂಗ್ ಶಾಪ್ ಇದೆ. ಎರಡರ ನಡುವಿನ ಓಣಿಯಲ್ಲಿ ನೇರವಾಗಿ ಬನ್ನಿ. ಓಣಿ ಮುಗಿದ ಕಡೆ ಬಲಕ್ಕೆ ತಿರುಗಿ. ಹಸಿರು ಬಾಗಿಲು ನಮ್ಮದು.'

ಅಜ್ಜಿ ಓದಲು ಕನ್ನಡಕ ಹುಡುಕಿದಳು. "ನೀನು ಬೇಡಜ್ಜಿ, ನಿಂಗೆ ಗೊತ್ತು," ಎಂದು ಜಿಪ್ಪಿ ಪಬ್ಲಿಶ್ ಒತ್ತಿ ಮತ್ತೆ ಓಡಿದಳು.

ಡ್ರಿಲ್ ಮಾಸ್ಟರು ಕಟ್ಟೆಯ ಮೇಲೆ ಕೂತು ಕೈಗಡಿಯಾರ ನೋಡುತ್ತಿದ್ದರು. ಈಗ ಇನ್ನೊಂದು ಸಲ ತೆರೆದು ನೋಡಿ ಎಂದಳು ಜಿಪ್ಪಿ. ನೋಡೋದೇನಿದೆ, ನೀನೇ ದಾರಿ ತೋರಿಸಿಬಿಡು ಎಂದರು ಅವರು.

"ಇಲ್ಲ ಸರ್. ನೀವು ಮುಂದೆ ನಡೀರಿ. ನಾನು ಹಿಂದೆ ಬರ್ತೀನಿ. ನಾನು ಏನೂ ಹೇಳಲ್ಲ."

ಅವರು ಹುಬ್ಬೇರಿಸಿದರು. ಆದರೂ ಚೆಂಡಿನ ಬ್ಯಾಗನ್ನು ಬೆನ್ನಿಗೇರಿಸಿ, ಫೋನು ನೋಡುತ್ತಾ ಹೊರಟರು. ಕಟಿಂಗ್ ಶಾಪ್ ಸಿಕ್ಕಿತು. ಓಣಿ ಸಿಕ್ಕಿತು. ಜಿಪ್ಪಿ ಉಸಿರು ಬಿಗಿಹಿಡಿದು ನಾಲ್ಕು ಹೆಜ್ಜೆ ಹಿಂದೆ ನಡೆದಳು.

ಓಣಿಯ ನಡುವೆ ನೀರಿನ ಟ್ಯಾಂಕಿನ ಹತ್ತಿರ ಅವರು ನಿಂತರು. ಅಲ್ಲಿ ದಾರಿ ಎರಡಾಗುತ್ತಿತ್ತು. ಎರಡೂ ಒಂದಿಷ್ಟು ನೇರ, ಒಂದಿಷ್ಟು ಸೊಟ್ಟ. ಜಿಪ್ಪಿ ಅದನ್ನು ಈಗಲೇ ನೋಡಿದ್ದು. ದಿನಾ ಓಡಾಡುವ ಅವಳ ಕಾಲಿಗೆ ದಾರಿ ಗೊತ್ತಿತ್ತು, ಕಣ್ಣು ಯಾವತ್ತೂ ಕೇಳಿರಲಿಲ್ಲ.

ಅವರು ಎಡಕ್ಕೆ ಹೋದರು. ಜಿಪ್ಪಿ ನಾಲಿಗೆ ಕಚ್ಚಿಕೊಂಡಳು. ಅಲ್ಲಲ್ಲ ಎಂಬ ಮಾತು ತುಟಿಯವರೆಗೂ ಬಂದಿತ್ತು. ಎದುರಿಗೆ ಗೋಡೆ ಸಿಕ್ಕಿ ಅವರು ಗೊಣಗುತ್ತಾ ವಾಪಸ್ಸು ಬಂದು, ಇನ್ನೊಂದು ದಾರಿ ಹಿಡಿದರು. ಬಲಕ್ಕೆ ತಿರುಗಿದರು. ಹಸಿರು ಬಾಗಿಲ ಮುಂದೆ ನಿಂತರು.

"ಬಂದೆ ನೋಡಿ," ಎಂದರು ಒಳಗಿದ್ದ ಅಮ್ಮನಿಗೆ. "ಆದ್ರೆ ಆ ಟ್ಯಾಂಕ್ ಹತ್ರ ಯಾವ ಕಡೆ ಅಂತ ಬರೆದೇ ಇಲ್ಲ. ಬೇರೆ ಯಾರಾದ್ರೂ ಆಗಿದ್ರೆ ಮನೆಗೆ ಹೋಗಿರೋರು."

"ಬರೀತೀನಿ ಸರ್," ಎಂದಳು ಜಿಪ್ಪಿ. ಎರಡು ದಿನದ ಹಿಂದಾಗಿದ್ದರೆ ಇಂಥ ಮಾತಿಗೆ ಮುಖ ಊದಿಸಿಕೊಳ್ಳುತ್ತಿದ್ದಳು. ಈಗ ಲ್ಯಾಪ್‌ಟಾಪ್ ತೆರೆದು ಇನ್ನೊಂದು ಸಾಲು ಸೇರಿಸಿದಳು: 'ನೀರಿನ ಟ್ಯಾಂಕ್ ಹತ್ತಿರ ಬಲಗಡೆಯ ದಾರಿ.' ಡ್ರಿಲ್ ಮಾಸ್ಟರಿಗೇ ತೋರಿಸಿ, ಈಗ ಸರಿಯಾಯ್ತಾ ಎಂದು ಕೇಳಿದಳು. ಅವರು ಓದಿ, ಸರಿಯಾಯ್ತು ಎಂದ ಮೇಲೆಯೇ ಪಬ್ಲಿಶ್ ಒತ್ತಿದಳು.

ಅಷ್ಟರಲ್ಲಿ ಅಮ್ಮ ಚೆಂಡುಗಳನ್ನೆಲ್ಲ ನೆಲಕ್ಕೆ ಸುರಿದು, ಖಾಲಿ ಬ್ಯಾಗನ್ನು ತೊಡೆಯ ಮೇಲೆ ಹರಡಿಕೊಂಡಿದ್ದಳು. ಬೆರಳು ಜಿಪ್ಪಿನ ಹಲ್ಲುಗಳ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬಂತು. ಒಂದು ಫುಟ್‌ಬಾಲು ಉರುಳುತ್ತಾ ಬಾಗಿಲಿಗೆ ಹೋಯಿತು, ಇಣುಕಲು ಬಂದಿದ್ದ ಬೆಕ್ಕು ಹೆದರಿ ಓಡಿತು. ಮೆಶಿನ್ನು ಗರಗರ ಸದ್ದು ಮಾಡತೊಡಗಿತು. ಆ ಸದ್ದು ಕೇಳಿ ಎಷ್ಟು ದಿನವಾಗಿತ್ತು!

ಆಗ ಫೋನು ರಿಂಗಾಯಿತು. ಜಿಪ್ಪಿ ಬಗ್ಗಿ ನೋಡಿದಳು. ಕಾರ್ಖಾನೆಯ ಸೂಪರ್‌ವೈಸರ್. ಗಡಿಯಾರದಲ್ಲಿ ಐದಾಗಿತ್ತು.

ಅವಳು ಅಮ್ಮನ ಮುಖ ನೋಡಿದಳು. ಅಮ್ಮ ಫೋನಿನ ಕಡೆ ಒಂದು ಸಲ ಕಣ್ಣು ಹಾಯಿಸಿ, ಮತ್ತೆ ಸೂಜಿಯ ಕಡೆ ಬಗ್ಗಿದಳು. ಫೋನು ಕುಣಿದು ಕುಣಿದು ತಾನೇ ಸುಮ್ಮನಾಯಿತು.

ಹೊಲಿಯುವಾಗ ಅಮ್ಮ ಯಾರ ಫೋನನ್ನೂ ಎತ್ತುವುದಿಲ್ಲ.