ತೀರ್ಪಿನ ನಕಲು

ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಯಜ್ಞನಾರಾಯಣನಿಗೆ, ತಪ್ಪು ಹುಡುಕುವುದರಲ್ಲಿ ತನ್ನನ್ನು ಮೀರಿಸುವವರಿಲ್ಲವೆಂಬ ನಂಬಿಕೆಯಿತ್ತು. ಮದುವೆಯಾದ ಮೂರನೆಯ ತಿಂಗಳಲ್ಲಿ, ಊಟಕ್ಕೆ ಬಂದಿದ್ದ ಮಾಲಿಕರ ಎದುರೇ ಹೆಂಡತಿ ಸುಭಾಷಿಣಿ ಅವನು ತಿದ್ದಿ ಮುಗಿಸಿದ್ದ ಹಾಳೆಯಲ್ಲಿ ನಾಲ್ಕು ತಪ್ಪು ತೋರಿಸಿದಳು. ಮಾಲಿಕರು ನಕ್ಕರು. ಅವಳೂ ನಕ್ಕಳು. ಅವನು ಆ ನಗುವನ್ನು ಕ್ಷಮಿಸಲಿಲ್ಲ.

ಕೈ ಎತ್ತಲಿಲ್ಲ, ಗುರುತು ಉಳಿಯುತ್ತದೆ. ದನಿ ಎತ್ತಲಿಲ್ಲ, ಕಾಪುವಿನ ಬಾಡಿಗೆ ಮನೆಯ ಗೋಡೆಗಳು ತೆಳು. ದಿನಾ ಬೆಳಿಗ್ಗೆ ಅವಳು ಕಾಫಿ ತಂದಿಟ್ಟಾಗ ಮೆಲ್ಲಗೆ ಒಂದೇ ಮಾತು ಕೇಳುತ್ತಿದ್ದ: "ಇನ್ನೂ ಇದ್ದೀಯಾ ನೀನು?" ನೆರೆಯವರಿಗೆ ಕೇಳುವಂತೆ ಮಾತ್ರ "ಸುಭಾ, ಊಟ ಆಯ್ತಾ?" ಎನ್ನುತ್ತಿದ್ದ. ಎರಡು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ೧೯೭೯ರ ಒಂದು ಬೆಳಿಗ್ಗೆ ಕಾಫಿ ಬರಲಿಲ್ಲ. ಮೀನುಗಾರರು ಅವಳ ದೇಹವನ್ನು ಕಡಲಿನಿಂದ ತಂದರು.

ಅವಳ ಅಣ್ಣ, ಕಾರ್ಕಳದ ಶಾಲಾ ಮೇಷ್ಟ್ರು ರಘುಪತಿ ದೂರು ಕೊಟ್ಟರು. ಆತ್ಮಹತ್ಯೆಗೆ ಪ್ರಚೋದನೆಯ ಮೊಕದ್ದಮೆ ನಡೆಯಿತು. ಆದರೆ ಪ್ರಚೋದನೆಯ ಮಾತು ಕೇಳಿದವರೇ ಇರಲಿಲ್ಲ. ನೆರೆಯವರೆಲ್ಲ ಅಕ್ಕರೆಯನ್ನಷ್ಟೇ ಕೇಳಿದ್ದರು. ಯಜ್ಞನಾರಾಯಣ ಖುಲಾಸೆಯಾದ.

ಉಳಿದದ್ದು ಸರಕಾರದ ಮೇಲ್ಮನವಿ. ಅದಕ್ಕೂ ಅವನಲ್ಲಿ ಉತ್ತರವಿತ್ತು. ಹಿಂದೊಮ್ಮೆ ಅವನು ಕಾಯಿದೆ ಪುಸ್ತಕವೊಂದರ ಕೊನೆಯ ಪಟ್ಟಿಯನ್ನು ತಿದ್ದಿದ್ದ: ಖುಲಾಸೆಯ ವಿರುದ್ಧ ಹೈಕೋರ್ಟಿಗೆ ಹೋಗಲು ಸರಕಾರಕ್ಕೆ ತೊಂಬತ್ತು ದಿನ. ತೀರ್ಪಿನ ನಕಲಿಲ್ಲದೆ ಮೇಲ್ಮನವಿ ಹೋಗದು. ಕೋರ್ಟಿನಲ್ಲಿ ಆ ನಕಲು ಟೈಪು ಮಾಡುವವನು ಅವನ ಸಹಪಾಠಿ, ಕಲ್ಯಾಣಪುರದ ಡೆನಿಸ್.

"ಅದು ಕಟ್ಟಿನ ಅಡಿಯಲ್ಲೇ ಇರಲಿ ಮಾರಾಯ. ಅವಸರ ಎಂತ?"

"ಎರಡು ತಿಂಗಳು ಎಳೀಬಹುದು. ಆಮೇಲೆ ಸಾಹೇಬರು ಕೇಳ್ತಾರೆ."

"ಸಾಕು."

ಡೆನಿಸ್ ಅರವತ್ತೆರಡು ದಿನ ಎಳೆದ. ಉಳಿದ ದಿನಗಳಲ್ಲಿ ಸರಕಾರಿ ಫೈಲು ಬೆಂಗಳೂರು ಮುಟ್ಟುವುದುಂಟೇ? ತೊಂಬತ್ತು ಕಳೆಯಿತು. ಜಾಗ್ರತೆಗೆ ಇನ್ನೆರಡು ದಿನ ಕಾದ.

ಆಮೇಲೆ ಒಂದು ಸಂಕಟ ಶುರುವಾಯಿತು. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಯಾರೂ ಓದಿರಲಿಲ್ಲ. ಅವನು ಕಾರ್ಕಳದ ಬಸ್ಸು ಹತ್ತಿದ. ರಘುಪತಿ, ಸಹೋದ್ಯೋಗಿ ಸ್ಟ್ಯಾನಿಸ್ಲಾಸ್ ಮೇಷ್ಟ್ರೊಂದಿಗೆ ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು.

"ಭಾವ, ಇನ್ನು ಹೇಳಿದರೆ ಅಡ್ಡಿಯಿಲ್ಲ," ಎಂದು ಯಜ್ಞನಾರಾಯಣ ಎಲ್ಲವನ್ನೂ ಹೇಳಿದ.

ರಘುಪತಿ ಪೆನ್ನು ಕೆಳಗಿಟ್ಟರು. "ದಿನಾ ಅದೇ ಮಾತಾ?"

"ದಿನಾ. ಬೇರೆ ಮಾತು ಬೇಕಾಗಲೇ ಇಲ್ಲ."

ಸ್ಟ್ಯಾನಿಸ್ಲಾಸ್ ಆ ಮಾತನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡು ಕೆಳಗೆ ತಾರೀಕು ಹಾಕಿದರು.

ತಿಂಗಳೊಳಗೆ ಹೈಕೋರ್ಟಿನ ನೋಟೀಸು ಬಂತು: ಸರಕಾರದ ಮೇಲ್ಮನವಿ, ಜೊತೆಗೆ ಜಗಲಿಯಲ್ಲಿ ಕೇಳಿದ ಮಾತಿಗೆ ಸಾಕ್ಷಿಯಾಗಿ ಸ್ಟ್ಯಾನಿಸ್ಲಾಸರ ಪ್ರಮಾಣಪತ್ರ. ಯಜ್ಞನಾರಾಯಣ ನಗುತ್ತಲೇ ಉಡುಪಿಗೆ ಹೋಗಿ, ವಕೀಲ ದಾಮೋದರರ ಮೇಜಿನ ಮೇಲೆ ಅದನ್ನಿಟ್ಟ. "ನೂರಹತ್ತನೆಯ ದಿನ ಹಾಕಿದ್ದಾರೆ. ವಾಯಿದೆ ಮೀರಿದೆ, ಅಲ್ವಾ?" ದಾಮೋದರರು ಅದರ ಜೊತೆಗಿದ್ದ ತೀರ್ಪಿನ ನಕಲಿನ ಕೊನೆಯ ಪುಟ ತಿರುಗಿಸಿ ಒಂದು ಸಣ್ಣ ಮೊಹರು ತೋರಿಸಿದರು: ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ. "ನೀವು ಕಾಯಿದೆಯ ಕೊನೆಯ ಪಟ್ಟಿ ಮಾತ್ರ ಓದಿದ್ದು. ಮೊದಲ ಪುಟಗಳ ಕಲಮಿನಲ್ಲಿ ಉಂಟು ನೋಡಿ, ನಕಲು ತಯಾರಾಗಲು ಹಿಡಿದ ದಿನಗಳನ್ನು ವಾಯಿದೆಯಲ್ಲಿ ಎಣಿಸುವ ಹಾಗಿಲ್ಲ. ಯಾರೋ ಪುಣ್ಯಾತ್ಮ ಸರಕಾರಕ್ಕೆ ಅರವತ್ತೆರಡು ದಿನ ಹೆಚ್ಚಿಗೆ ಕೊಟ್ಟಿದ್ದಾನೆ."